ಕಾವಲಿಗೂ ಬೇಕು ಕಾವಲು
ಮಳೆಗಾಲದ ತುಕ್ಕಿನಿಂದ ಹೋಟೆಲಿನ ಸಾಮಾನು ಉಳಿಸಿಕೊಳ್ಳುವ ಬಗೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಮುಂಬಯಿಯ ನಮ್ಮ ಹೋಟೆಲಿನ ಶಟರ್ ಎಳೆದೆವು. ಹದಿನೈದು-ಇಪ್ಪತ್ತು ದಿನದ ಮಾತು ಎಂದುಕೊಂಡಿದ್ದೆವು. ಹುಡುಗರೆಲ್ಲ ಊರಿಗೆ ಹೋದರು. ಪಾರ್ಸೆಲ್‌ಗೆ ಅವಕಾಶವಿದ್ದರೂ ಕೆಲಸಕ್ಕೆ ಜನವಿಲ್ಲದೆ ತೆರೆಯಲಾಗಲಿಲ್ಲ. ಗಿರಾಕಿಗಳನ್ನು ಕೂರಿಸಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ರಂದು, ಅದೂ ಅರ್ಧದಷ್ಟು ಜನಕ್ಕೆ. ನಡುವೆ ಇಡೀ ಒಂದು ಮಳೆಗಾಲ ಕಳೆದುಹೋಗಿತ್ತು.

ಒಳಗೆ ಹೋಗಿ ನೋಡಿದರೆ ದೋಸೆ ಕಾವಲಿಗೆ ಕೆಮ್ಮಣ್ಣು ಮೆತ್ತಿದಂತಿತ್ತು. ಬರ್ನರಿನ ತೂತುಗಳು ಮುಚ್ಚಿದ್ದವು. ಗ್ರೈಂಡರ್ ಸ್ಟ್ಯಾಂಡಿನ ಒಂದು ಕಾಲು ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. "ಶೆಟ್ರೇ, ಹೋಗುವಾಗ ಕಾವಲಿಗೆ ಒಂದಿಷ್ಟು ಎಣ್ಣೆಯಾದರೂ ಹಚ್ಚಿಡಬೇಕಿತ್ತು" ಎಂದರು ನಮ್ಮ ಭಟ್ಟರು. ಗಲ್ಲಾ ಖಾಲಿ ಇದ್ದ ಹೊತ್ತಿನಲ್ಲಿ ಹೊಸ ಸಾಮಾನಿನ ಖರ್ಚೂ ತಲೆಗೆ ಬಂತು. ಅಂದು ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇವೆ.

ತುಕ್ಕು ಏಕೆ ಹಿಡಿಯುತ್ತದೆ?

ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯವಾಗಿ 2000 ಮಿ.ಮೀ.ಗೂ ಹೆಚ್ಚು ಮಳೆ, ಜತೆಗೆ ಸಮುದ್ರದ ಗಾಳಿ. ಚೆನ್ನೈ ಬಂಧುಗಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದೇ ಪಾಡು. ದೆಹಲಿ, ಹೈದರಾಬಾದಿನ ಹವೆ ಒಣದಾದರೂ ಅಡುಗೆಕೋಣೆಯೊಳಗೆ ಇಡ್ಲಿ ಹಬೆ, ಸಾಂಬಾರಿನ ಉಪ್ಪು ಎಲ್ಲ ಕಡೆಯೂ ಒಂದೇ. ತುಕ್ಕು ಸ್ಪಂಜಿನಂತೆ ತೇವ ಹಿಡಿದಿಟ್ಟುಕೊಳ್ಳುವುದರಿಂದ ಒಂದು ಚುಕ್ಕೆ ಬಂದರೆ ಅದು ತಾನಾಗಿ ಹರಡುತ್ತದೆ.

ದೋಸೆ ಕಾವಲಿ

ರಾತ್ರಿ ಗ್ಯಾಸ್ ಆರಿಸಿದ ಮೇಲೆ ಕಾವಲಿಗೆ ನೀರು ಸುರಿದು ಹಾಗೇ ಬಿಡುವುದು ದೊಡ್ಡ ತಪ್ಪು. ಬಿಸಿ ಇರುವಾಗಲೇ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ತೆಳ್ಳಗೆ ಸವರಿ. ಈಗಾಗಲೇ ತುಕ್ಕು ಹಿಡಿದಿದ್ದರೆ ಹುಣಸೆಹುಳಿ ಹಚ್ಚಿ ಉಜ್ಜಿ, ಕೂಡಲೇ ತೊಳೆದು ಬೆಂಕಿಯಲ್ಲಿ ಒಣಗಿಸಿ. ಹುಳಿ ನಿಂತರೆ ಅದೇ ಕಬ್ಬಿಣವನ್ನು ತಿನ್ನುತ್ತದೆ. ಬಳಿಕ ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ. ಹೀಗೆ ಮೂರು-ನಾಲ್ಕು ಸಲ ಮಾಡಿದರೆ ಕಾವಲಿ ಮತ್ತೆ ಪಳಗುತ್ತದೆ. ಒಮ್ಮೆಗೇ ದಪ್ಪ ಎಣ್ಣೆ ಹಾಕಿದರೆ ಅಂಟಂಟಾಗುತ್ತದೆ.

ಭಟ್ಟಿ ಮತ್ತು ಗ್ರೈಂಡರ್

ಬರ್ನರಿನ ತೂತುಗಳಲ್ಲಿ ತುಕ್ಕಿನ ಪುಡಿ ಕೂತರೆ ಜ್ವಾಲೆ ಹಳದಿಯಾಗುತ್ತದೆ, ಪಾತ್ರೆಯ ತಳ ಮಸಿಯಾಗುತ್ತದೆ, ಗ್ಯಾಸ್ ಹೆಚ್ಚು ಸುಡುತ್ತದೆ. ವಾರಕ್ಕೊಮ್ಮೆ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿಸಿ, ಪೂರಾ ಒಣಗಿಸಿ ಜೋಡಿಸಬೇಕು. ಸ್ಟ್ಯಾಂಡುಗಳ ಪೈಪ್ ಕಾಲು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಕಾಲಿನ ತುದಿಗೆ ರಬ್ಬರ್ ಬುಶ್ ಹಾಕಿಸಿ. ಗ್ರೈಂಡರಿನ ಅರ್ಥಿಂಗ್ ತಂತಿ ಕೂಡುವ ಜಾಗದಲ್ಲಿ ತುಕ್ಕು ಬಂದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಒದ್ದೆ ನೆಲದಲ್ಲಿ ನಿಲ್ಲುವ ಹುಡುಗನ ಜೀವದ ಪ್ರಶ್ನೆ ಇದು. ಮಳೆಗಾಲಕ್ಕೆ ಮುಂಚೆ ಇಲೆಕ್ಟ್ರಿಷಿಯನ್‌ಗೆ ತೋರಿಸಿ.

ಸ್ಟೀಲಿಗೂ ತುಕ್ಕು

ಸ್ಟೀಲಿಗೆ ತುಕ್ಕಿಲ್ಲ ಎಂಬುದು ಪೂರ್ತಿ ನಿಜವಲ್ಲ. 304 ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ಬೇಗ ಕಲೆ ಬೀಳುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ. ಕಬ್ಬಿಣದ ತಂತಿಯುಂಡೆಯಲ್ಲಿ ಸ್ಟೀಲ್ ಉಜ್ಜಬೇಡಿ, ಅದರ ಚೂರುಗಳು ಅಂಟಿಕೊಂಡು ತುಕ್ಕಾಗುತ್ತವೆ. ಬ್ಲೀಚ್ ಬಿದ್ದರೆ ಕೂಡಲೇ ತೊಳೆಯಿರಿ. ಮೋರಿ ತೊಳೆಯುವ ಆಸಿಡ್‌ನ ಹೊಗೆ ತಗುಲಿದರೂ ಸ್ಟೀಲ್ ಕೆಡುತ್ತದೆ.

ಬೀಗ ಹಾಕುವ ಮುನ್ನ

ರಿಪೇರಿಗೋ ಊರಿನ ಕಾರ್ಯಕ್ಕೋ ಕೆಲವು ದಿನ ಹೋಟೆಲ್ ಮುಚ್ಚುವುದಿದ್ದರೆ ಸಾಮಾನುಗಳನ್ನು ತೊಳೆದು, ಪೂರಾ ಒಣಗಿಸಿ, ಕಬ್ಬಿಣದವಕ್ಕೆ ಎಣ್ಣೆ ಹಚ್ಚಿ, ನೆಲದಿಂದ ಎತ್ತರದಲ್ಲಿಡಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ನೀರು ಬೆವರುತ್ತದೆ. ಹುಳ ಬಾರದಂತೆ ಜಾಳಿ ಹಾಕಿ ಗಾಳಿಗೆ ಕಿಂಡಿ ಬಿಡಿ. ಎಂಟು ದಿನಕ್ಕೊಮ್ಮೆ ಯಾರಾದರೂ ಬಂದು ನೋಡಲಿ. ಮರಳಿ ಬಂದಾಗ ಹಳೇ ಎಣ್ಣೆ ತೊಳೆದು, ಕಾವಲಿ ಪಳಗಿಸಿ ಬಳಸಿ.

ಇದು ಬರೇ ದುಡ್ಡಿನ ಮಾತಲ್ಲ. ಎಫ್‌ಎಸ್‌ಎಸ್‌ಎಐಯ 2011ರ ಪರವಾನಗಿ ನಿಯಮಗಳ 4ನೇ ಪರಿಶಿಷ್ಟದಂತೆ ಆಹಾರಕ್ಕೆ ತಾಗುವ ಸಲಕರಣೆ ತುಕ್ಕು ಹಿಡಿಯದ ವಸ್ತುವಿನದಾಗಿರಬೇಕು. ತಪಾಸಣೆಗೆ ಬಂದವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ನಮ್ಮ ಹೋಟೆಲಿನಲ್ಲಿ ಈಗ ರಾತ್ರಿ ದೀಪ ಆರಿಸುವ ಮೊದಲು ಕಾವಲಿ ಮುಟ್ಟಿ ನೋಡುವ ಪದ್ಧತಿ ಇಟ್ಟಿದ್ದೇವೆ. ಎರಡು ನಿಮಿಷದ ಕೆಲಸ. ಬರುವ ಮಳೆಗಾಲಕ್ಕೆ ಮುಂಚೆ ತಾವೂ ಒಮ್ಮೆ ಗಲ್ಲಾದಿಂದ ಎದ್ದು ಒಳಗೆ ಹೋಗಿ, ಗ್ರೈಂಡರ್ ಸ್ಟ್ಯಾಂಡಿನ ಕಾಲು ಒತ್ತಿ ನೋಡಬೇಕೆಂದು ವಿನಂತಿ.