ಅತಿಸೂಕ್ಷ್ಮ ಕಣಗಳೂ ಅರ್ಬುದ ರೋಗವೂ

ಅರ್ಬುದವೆಂಬ ಶಬ್ದಕ್ಕೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಎರಡು ಅರ್ಥಗಳುಂಟು. ಗಣಿತದಲ್ಲಿ ಅದು ಕೋಟಿಗಳಲ್ಲಿ ಎಣಿಸಬೇಕಾದ ಒಂದು ಸಂಖ್ಯೆ. ಸುಶ್ರುತ ಸಂಹಿತೆಯಲ್ಲಿ ಅದು ಮೈಯಲ್ಲಿ ಬೆಳೆಯುವ ಗಡ್ಡೆ. ಇಂದು ಈ ಎರಡು ಅರ್ಥಗಳೂ ಒಂದೆಡೆ ಕೂಡಿದಂತಾಗಿದೆ. ಒಂದು ಮೀಟರನ್ನು ನೂರು ಕೋಟಿ ಸಮಭಾಗ ಮಾಡಿದರೆ ಬರುವ ಅಳತೆಗೆ ನ್ಯಾನೋಮೀಟರ್ ಎಂದು ಹೆಸರು. ಈ ಅಳತೆಯಲ್ಲಿ ಎಣಿಸಬೇಕಾದ ಕಣಗಳನ್ನು ಅರ್ಬುದ ರೋಗವನ್ನು, ಅಂದರೆ ಕ್ಯಾನ್ಸರನ್ನು, ಗುರುತಿಸುವುದಕ್ಕೂ ಚಿಕಿತ್ಸೆ ಮಾಡುವುದಕ್ಕೂ ವಿಜ್ಞಾನಿಗಳು ಬಳಸುತ್ತಿದ್ದಾರೆ.

ಈ ವಿಷಯದತ್ತ ನಮ್ಮ ಗಮನ ಸೆಳೆದವರು ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ತಾಯಿಯೊಬ್ಬರು. ಎರಡು ವರ್ಷಗಳ ಹಿಂದೆ ಒಂದು ದಿನ ಅವರು ಕಚೇರಿಯ ಬಾಗಿಲಲ್ಲಿ ನಿಂತು, “ಮಾಷ್ಟ್ರೇ, ಈಗ ನ್ಯಾನೋ ಮದ್ದು ಅಂತ ಬಂದಿದೆಯಂತಲ್ಲ. ಕೊಯ್ಯುವುದೂ ಬೇಡ, ಕರೆಂಟು ಕೊಡುವುದೂ ಬೇಡವಂತೆ. ಹೌದಾ?” ಎಂದು ಕೇಳಿದರು. ಯಾರೋ ಮೊಬೈಲಿಗೆ ಕಳುಹಿಸಿದ ಸಂದೇಶವನ್ನು ಮಗ ಓದಿ ಹೇಳಿದ್ದನಂತೆ. ಎದೆಯಲ್ಲಿ ಗಂಟು ಕಾಣಿಸಿಕೊಂಡು ಆಗಲೇ ಐದು ತಿಂಗಳಾಗಿತ್ತು. ದೊಡ್ಡ ಆಸ್ಪತ್ರೆಗೆ ಹೋಗುವಂತೆ ವೈದ್ಯರು ಬರೆದ ಚೀಟಿ ಇಂಗ್ಲಿಷಿನಲ್ಲಿತ್ತು, ಅದರ ಜೊತೆಗಿನ ಸೂಚನೆ ಮಲಯಾಳದಲ್ಲಿತ್ತು; ಆಕೆಗೆ ಓದಲು ಬರುವುದು ಕನ್ನಡ. ಕಾಸರಗೋಡಿನ ಕನ್ನಡ ಉಪಾಧ್ಯಾಯರ ಬಳಿಗೆ ಇಂಥ ಚೀಟಿಗಳು ಬರುವುದು ಹೊಸತಲ್ಲ. ಆದರೆ ಆ ದಿನ ಆಕೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. “ಮೊದಲು ಆಸ್ಪತ್ರೆಗೆ ಹೋಗಿ” ಎಂದಷ್ಟೇ ಹೇಳಿದೆವು. ಉತ್ತರವನ್ನು ಆಮೇಲೆ ಹುಡುಕಿದೆವು. ಅದನ್ನೇ ಇಲ್ಲಿ ಉಪಾಧ್ಯಾಯ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಅಳತೆಯ ಕಲ್ಪನೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ರಕ್ತದ ಕೆಂಪುಕಣದ ಅಡ್ಡಳತೆ ಸುಮಾರು 7,000. ನಾವು ಹೇಳಹೊರಟಿರುವ ಕಣಗಳು ನೂರರ ಆಸುಪಾಸಿನವು ಅಥವಾ ಅದಕ್ಕಿಂತಲೂ ಚಿಕ್ಕವು. ಪದಾರ್ಥ ಇಷ್ಟು ಸೂಕ್ಷ್ಮವಾದಾಗ ಅದರ ಗುಣವೂ ಬದಲಾಗುತ್ತದೆ. ಹಳದಿಯಾದ ಚಿನ್ನವು ದ್ರವದಲ್ಲಿ ಅತಿಸೂಕ್ಷ್ಮವಾಗಿ ಹರಡಿದಾಗ ಮಾಣಿಕ್ಯದಂತೆ ಕೆಂಪಾಗುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲಿಯೇ ಲಂಡನ್ನಿನಲ್ಲಿ ವಿವರಿಸಿದ್ದನು. ಇನ್ನೊಂದು ಗುಣವನ್ನು ತರಗತಿಯ ಹಲಗೆಯ ಮೇಲೆ ಲೆಕ್ಕ ಮಾಡಿಯೇ ತೋರಿಸಬಹುದು. ಒಂದು ಸೆಂಟಿಮೀಟರ್ ಬಾಹುವಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬಾಹುವಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಅಂದರೆ 30 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಅಂಗಳ! ಔಷಧವನ್ನೋ ರೋಗದ ಗುರುತನ್ನು ಹಿಡಿಯುವ ಪ್ರತಿಕಾಯವನ್ನೋ ಅಂಟಿಸಲು ಇಷ್ಟು ವಿಸ್ತಾರವಾದ ಮೈ ದೊರೆಯುವುದು ದೊಡ್ಡ ಅನುಕೂಲ.

ಇನ್ನು ರೋಗವನ್ನು ಗುರುತಿಸುವ ಕೆಲಸ. ಔಷಧದ ಅಂಗಡಿಗಳಲ್ಲಿ ದೊರೆಯುವ ಗರ್ಭಪರೀಕ್ಷೆಯ ಪಟ್ಟಿಯನ್ನು ಅನೇಕರು ಬಲ್ಲರು. ಅಂಥ ಹಲವು ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಫ್ಯಾರಡೆ ಕಂಡ ಚಿನ್ನದ ಕಣಗಳದೇ. ದೊಡ್ಡಕರುಳಿನ ಕ್ಯಾನ್ಸರಿನ ಸುಳಿವು ಹುಡುಕಲು, ಮಲದಲ್ಲಿ ಕಣ್ಣಿಗೆ ಕಾಣದಂತೆ ಬೆರೆತ ರಕ್ತವನ್ನು ತೋರಿಸುವ ಪಟ್ಟಿಗಳೂ ಇದೇ ತತ್ತ್ವದ ಮೇಲೆ ಇವೆ. ಗೆರೆ ಮೂಡಿತೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ; ಮುಂದಿನ ಪರೀಕ್ಷೆ ಅಗತ್ಯವೆಂದು ಅರ್ಥ. ಕಬ್ಬಿಣದ ಆಕ್ಸೈಡಿನ ಕಣಗಳ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಅವನ್ನು ರಕ್ತಕ್ಕೆ ಸೇರಿಸಿದರೆ ಆರೋಗ್ಯವಂತ ದುಗ್ಧಗ್ರಂಥಿಗಳಲ್ಲಿರುವ ಭಕ್ಷಕ ಕೋಶಗಳು ನುಂಗಿಕೊಳ್ಳುತ್ತವೆ, ಎಂ.ಆರ್.ಐ. ಚಿತ್ರದಲ್ಲಿ ಆ ಗ್ರಂಥಿ ಕಪ್ಪಾಗುತ್ತದೆ. ಕ್ಯಾನ್ಸರ್ ಆಕ್ರಮಿಸಿದ ಭಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ 80 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ವರದಿ 2003ರಲ್ಲಿ ಪ್ರಕಟವಾಯಿತು. ಫಲ ಆಶಾದಾಯಕವಾಗಿದ್ದರೂ ಆ ವಿಧಾನ ಎಲ್ಲ ಆಸ್ಪತ್ರೆಗಳ ರೂಢಿಯಾಗಲಿಲ್ಲ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಕ್ಯಾನ್ಸರಿನ ಔಷಧಗಳ ದೊಡ್ಡ ದೋಷವೆಂದರೆ, ಅವು ರೋಗದ ಕೋಶಗಳೊಂದಿಗೆ ಆರೋಗ್ಯವಂತ ಕೋಶಗಳನ್ನೂ ಪೀಡಿಸುವುದು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಕ್ಯಾನ್ಸರನ್ನು ಚೆನ್ನಾಗಿ ಎದುರಿಸುತ್ತದೆ. ಆದರೆ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ಈ ಔಷಧವನ್ನು ಸುಮಾರು 100 ನ್ಯಾನೋಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಡಾಕ್ಸಿಲ್ ಎಂಬ ಮದ್ದಿಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ದೊರೆಯಿತು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವಾದ್ದರಿಂದ ಅವುಗಳ ಗೋಡೆಯಲ್ಲಿ ಸಂದುಗಳಿರುತ್ತವೆ. ಗುಳ್ಳೆಗಳು ಅಲ್ಲಿ ನುಸುಳಿ ತಂಗಬಲ್ಲವು. ಹೃದಯದ ನಾಳಗಳಲ್ಲಿ ಅಂಥ ಸಂದುಗಳಿಲ್ಲ. ಸ್ತನದ ಕ್ಯಾನ್ಸರ್ ದೇಹದ ಇತರ ಭಾಗಗಳಿಗೆ ಹರಡಿದ್ದ 509 ಮಹಿಳೆಯರಲ್ಲಿ ಹಳೆಯ ಮದ್ದನ್ನೂ ಗುಳ್ಳೆಯ ಮದ್ದನ್ನೂ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ರೋಗವನ್ನು ತಡೆಯುವುದರಲ್ಲಿ ಎರಡೂ ಸಮಸಮ. ಹೃದಯಕ್ಕೆ ತಗಲುವ ಹಾನಿ ಮಾತ್ರ ಗುಳ್ಳೆಯ ಮದ್ದಿನಲ್ಲಿ ಬಹಳ ಕಡಿಮೆ. ಅದರ ಬದಲಿಗೆ ಅಂಗೈ ಅಂಗಾಲುಗಳ ಚರ್ಮ ಕೆಂಪಾಗಿ ಸುಲಿಯುವ ತೊಂದರೆ ಹೆಚ್ಚು ಕಂಡಿತು.

ಎರಡನೆಯ ಉದಾಹರಣೆ ಪ್ಯಾಕ್ಲಿಟ್ಯಾಕ್ಸೆಲ್. ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಈ ಔಷಧ ನೀರಿನಲ್ಲಿ ಕರಗದು. ಆದ್ದರಿಂದ ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕದಲ್ಲಿ ಅದನ್ನು ಕರಗಿಸಿ ಕೊಡುತ್ತಾರೆ. ಆ ದ್ರಾವಕ ಕೆಲವರ ಮೈಗೆ ಒಗ್ಗದೆ ಅಪಾಯವೂ ಆಗುತ್ತಿತ್ತು. ರಕ್ತದಲ್ಲಿಯೇ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಕೂಡಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದಾಗ ಆ ದ್ರಾವಕದ ಅಗತ್ಯ ತಪ್ಪಿತು. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ.

ಹಾಗಾದರೆ ಕಣಗಳೆಲ್ಲ ನೇರವಾಗಿ ಗಡ್ಡೆಗೇ ಹೋಗಿ ಸೇರುತ್ತವೆಯೆ? ಇಲ್ಲ. ಹತ್ತು ವರ್ಷಗಳ ಪ್ರಯೋಗಗಳ ವರದಿಗಳನ್ನು ಟೊರಾಂಟೋ ನಗರದ ಸಂಶೋಧಕರು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಪ್ರಯೋಗದ ಪ್ರಾಣಿಗಳಿಗೆ ಕೊಟ್ಟ ಕಣಗಳಲ್ಲಿ ಗಡ್ಡೆಯನ್ನು ತಲಪಿದ್ದು ಮಧ್ಯಮಾಂಕದ ಲೆಕ್ಕದಲ್ಲಿ ಶೇಕಡಾ 0.7 ಮಾತ್ರ. ಸಾವಿರಕ್ಕೆ ಏಳು! ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದಿಟ್ಟುಕೊಳ್ಳುತ್ತವೆ. ಪರಕೀಯ ಕಣಗಳನ್ನು ಸೋಸುವುದು ಅವುಗಳ ಸಹಜ ಧರ್ಮವಷ್ಟೆ.

ಇಷ್ಟನ್ನು ತಿಳಿದ ಮೇಲೆ ಆ ತಾಯಿಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಯಿತು. ನ್ಯಾನೋ ಮದ್ದು ಸುಳ್ಳಲ್ಲ. ಅದು ಕೆಲವು ಬಗೆಯ ಕ್ಯಾನ್ಸರುಗಳಿಗೆ ವೈದ್ಯರು ರಕ್ತನಾಳದ ಮೂಲಕ ಕೊಡುವ ಔಷಧ. ಇದುವರೆಗೆ ಅದರ ಮುಖ್ಯ ಉಪಕಾರವೆಂದರೆ ಔಷಧದ ಪೆಟ್ಟು ಬೇರೆ ಅಂಗಗಳಿಗೆ ಬೀಳುವುದನ್ನು ತಗ್ಗಿಸಿರುವುದು. ಕೊಯ್ಯಬೇಕಾದಲ್ಲಿ ಕೊಯ್ಯುವುದನ್ನೂ, ಕರೆಂಟು ಕೊಡಬೇಕಾದಲ್ಲಿ ಕೊಡುವುದನ್ನೂ ಅದು ತಪ್ಪಿಸಿಲ್ಲ. ತಡಮಾಡಿ ಕಳೆದ ದಿನಗಳನ್ನು ಅದು ಹಿಂದಕ್ಕೆ ತಂದುಕೊಡಲಾರದು.

ಆಕೆಯ ರೋಗ ಕಂಕುಳಿನ ಗ್ರಂಥಿಗಳನ್ನು ಮುಟ್ಟಿತ್ತು. ಐದು ತಿಂಗಳು ಮೊದಲೇ ಹೋಗಿದ್ದರೆ ಹೇಗಿರುತ್ತಿತ್ತೆಂದು ಯಾರೂ ಹೇಳಲಾರರು. ಆ ಪ್ರಶ್ನೆಯನ್ನು ಆಕೆಯೂ ಕೇಳಲಿಲ್ಲ. ಕೊಯ್ಯಿಸಿಕೊಂಡರು, ಮದ್ದನ್ನೂ ಕರೆಂಟನ್ನೂ ಸಹಿಸಿದರು. ಈಗ ವಾರಕ್ಕೆ ಮೂರು ದಿನ ಅಡುಗೆಮನೆಗೆ ಬರುತ್ತಿದ್ದಾರೆ. ದೊಡ್ಡ ಪಾತ್ರೆ ಎತ್ತಲು ನಾವು ಬಿಡುವುದಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಗಡಿನಾಡಿನ ನಮ್ಮ ಜನ ಚೀಟಿ ಹಿಡಿದು ನಮ್ಮ ಬಳಿಗೆ ಬರುತ್ತಾರೆ. ಹೊಸ ಚಿಕಿತ್ಸೆಯ ಸುದ್ದಿ ತಂದವರಿಗೆ ಮೂರು ಪ್ರಶ್ನೆಗಳನ್ನು ಕೇಳಲು ಕಲಿಸೋಣ: ಆ ಮದ್ದಿನ ಹೆಸರೇನು? ಯಾವ ಕ್ಯಾನ್ಸರಿಗೆ? ಚಿಕಿತ್ಸೆ ಮಾಡುವ ವೈದ್ಯರು ಅದಕ್ಕೆ ಏನೆನ್ನುತ್ತಾರೆ? ಮೂರಕ್ಕೂ ಉತ್ತರ ದೊರೆಯುವವರೆಗೆ ಕಾಯದೆ, ಗಂಟು ಕಂಡವರನ್ನು ಅಂದೇ ಆಸ್ಪತ್ರೆಯ ಬಸ್ಸು ಹತ್ತಿಸೋಣ.