ಮುತ್ತಜ್ಜನ ಹೆಸರನ್ನು ಅರಸುತ್ತಾ

ಬೇಸಗೆಯ ರಜೆ ಬಂತೆಂದರೆ ಮುಂಬಯಿಯಿಂದಲೂ ಗಲ್ಫ್ ನಾಡುಗಳಿಂದಲೂ ಊರಿಗೆ ಬಂದ ಕುಟುಂಬಗಳಲ್ಲಿ ಒಂದೆರಡಾದರೂ ಇಗರ್ಜಿಯ ಕಚೇರಿಗೆ ಬಂದು, “ಫಾದರ್, ನಮ್ಮ ಹಿರಿಯರ ಹೆಸರು ನಿಮ್ಮ ಹಳೆಯ ಪುಸ್ತಕದಲ್ಲಿ ಸಿಕ್ಕೀತೇ?” ಎಂದು ವಿಚಾರಿಸುವುದುಂಟು. ಸಿಗಬಹುದು, ಆದರೆ ಅದಕ್ಕೊಂದು ಮಿತಿಯಿದೆ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಇಗರ್ಜಿಗಳೂ ನಾಶವಾದವು. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಹೊಸದಾಗಿ ಎಲ್ಲವನ್ನೂ ಕಟ್ಟಬೇಕಾಯಿತು. ಆದ್ದರಿಂದ ಬಹುತೇಕ ಧರ್ಮಕೇಂದ್ರಗಳಲ್ಲಿ ನಮ್ಮ ಅನ್ವೇಷಣೆ ಹತ್ತೊಂಬತ್ತನೆಯ ಶತಮಾನಕ್ಕೆ ಬಂದು ನಿಲ್ಲುತ್ತದೆ.

ಆ ಶತಮಾನದೊಳಗೂ ದಾರಿ ಸುಗಮವಲ್ಲ. ಗೋವೆಯ ಗುರುಗಳು ಪೋರ್ಚುಗೀಸಿನಲ್ಲಿ ಬರೆದರು, ಬಳಿಕ ಬಂದವರು ಲ್ಯಾಟಿನ್‌ನಲ್ಲಿ. 1838ರಿಂದ 1886ರ ಒಪ್ಪಂದದವರೆಗೆ ಗೋವೆಯ ಅಧಿಕಾರಕ್ಕೆ ನಿಷ್ಠರಾದವರು, ರೋಮಿನ ನೇರ ಆಡಳಿತವನ್ನು ಒಪ್ಪಿದವರು ಎಂದು ಜನ ಎರಡು ಪಂಗಡವಾಗಿದ್ದುದರಿಂದ, ಒಬ್ಬನೇ ತಂದೆಯ ಮಕ್ಕಳ ಜ್ಞಾನಸ್ನಾನ ಎರಡು ಇಗರ್ಜಿಗಳ ಪುಸ್ತಕಗಳಲ್ಲಿ ಹಂಚಿಹೋಗಿರಲೂ ಸಾಕು. ಇನ್ನು ಹೆಸರಿನ ತೊಡಕು. ಡಿಸೋಜರೆಲ್ಲ ಒಂದೇ ರಕ್ತದವರಲ್ಲ. ಮತಾಂತರದ ಕಾಲದಲ್ಲಿ ಗುರುಗಳ ಅಥವಾ ಜ್ಞಾನತಂದೆಯ ಅಡ್ಡಹೆಸರು ಸೇರಿದ್ದೇ ಹೆಚ್ಚು. ನಾಮವೇ ಬೇರೆ, ವಸ್ತುವೇ ಬೇರೆ ಎಂದು ಸೆಮಿನರಿಯಲ್ಲಿ ತತ್ತ್ವಶಾಸ್ತ್ರದ ಗುರುಗಳು ಹೇಳುತ್ತಿದ್ದುದು ನನಗೆ ನಿಜವಾಗಿ ಅರ್ಥವಾದದ್ದು ಒಂದೇ ಪುಟದಲ್ಲಿ ಮೂವರು ‘ಸಾಲ್ವದೊರ್ ಡಿಸೋಜ’ರನ್ನು ಕಂಡಾಗ! ಇಂತಹಲ್ಲಿ ಮನೆಯ ಹೆಸರು, ವಾಡೆಯ ಹೆಸರು, ಜ್ಞಾನತಂದೆ ತಾಯಿಯರ ಹೆಸರುಗಳೇ ಆಧಾರ.

ಓದುಗರು ಅಲಕ್ಷಿಸಬಾರದ ಇನ್ನೊಂದು ಮೂಲವಿದೆ. 1917ರ ಧರ್ಮಸಂಹಿತೆಗೆ ಮೊದಲು ನಾಲ್ಕನೆಯ ತಲೆಮಾರಿನವರೆಗಿನ ರಕ್ತಸಂಬಂಧಿಗಳ ವಿವಾಹಕ್ಕೆ ವಿಶೇಷ ಅನುಮತಿ ಬೇಕಿತ್ತು. ಅದನ್ನು ಕೋರುವಾಗ ಸಂಬಂಧದ ಕವಲುಗಳನ್ನು ಬರೆದು ತೋರಿಸಬೇಕಾಗಿತ್ತು. 1870ರ ದಶಕದ ವಧೂವರರಿಗೆ ಮೂರನೆಯ ತಲೆಮಾರಿನ ಸಂಬಂಧವಿದ್ದರೆ ಇಬ್ಬರ ಮುತ್ತಜ್ಜ ಒಬ್ಬನೇ, ಮತ್ತು ಆತ ಸೆರೆಗೆ ಮುಂಚೆಯೇ ಹುಟ್ಟಿದವನಿರಬಹುದು. ಪುಸ್ತಕ ಸುಟ್ಟುಹೋದರೂ ಮನುಷ್ಯ ಉಳಿದ!

ನಮ್ಮಲ್ಲಿನ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ಅವರ ಮುತ್ತಜ್ಜನ ವಿವಾಹದ ಬರಹದ ಬದಿಯಲ್ಲಿ ಅಂತಹ ಅನುಮತಿಯ ಉಲ್ಲೇಖ ದೊರಕಿತು. ವಧುವಿನ ಮನೆ ಯಾವುದೆಂದು ಬಿಡಿಸಿ ನೋಡಿದರೆ, ಗದ್ದೆಯ ಗಡಿಯ ವ್ಯಾಜ್ಯದಿಂದ ಇವರ ಮನೆಯವರು ಮೂವತ್ತು ವರ್ಷದಿಂದ ಮಾತು ಬಿಟ್ಟಿದ್ದ ನೆರೆಮನೆ. ಸಾಲದ್ದಕ್ಕೆ, ಹಿರಿಯರ ಜನನ ಮರಣಗಳನ್ನು ಬರೆದಿಟ್ಟ ಕೈಬರಹದ ಪುಸ್ತಕವಿದ್ದುದೂ ಆ ಮನೆಯ ಅಜ್ಜಿಯ ಪೆಟ್ಟಿಗೆಯಲ್ಲಿ.

ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ನೂರಾರು ಕುಟುಂಬಗಳ ವಂಶಾವಳಿಯನ್ನು ಸಂಗ್ರಹಿಸಿದ್ದು ಇಗರ್ಜಿಯ ಪುಸ್ತಕಗಳಿಂದ ಮಾತ್ರವಲ್ಲ, ಮನೆಮನೆಗಳಿಂದ ಬಂದ ಇಂತಹ ಮಾಹಿತಿಯಿಂದಲೂ ಎಂದು ಅವರಿಗೆ ತಿಳಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. “ಪುಸ್ತಕ ಕೇಳಲು ನೀವೇ ಹೋಗಿ ಬನ್ನಿ, ಫಾದರ್” ಎಂದರು. ನಾನು ಒಪ್ಪಲಿಲ್ಲ.

ಎರಡು ವಾರ ಕಳೆದು ಅವರೇ ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದರಲ್ಲಿನ ನಾಲ್ಕು ಮರಣದ ತಾರೀಕುಗಳು ನಮ್ಮ ಪುಸ್ತಕದೊಂದಿಗೆ ಹೊಂದುತ್ತಿಲ್ಲ. ಬರುವ ಭಾನುವಾರ ಪೂಜೆಯ ನಂತರ ಅಜ್ಜಿಯನ್ನೂ ಕರೆಸಿ, ಇಬ್ಬರನ್ನೂ ಕೂರಿಸಿಕೊಂಡು ನೋಡಬೇಕೆಂದಿದ್ದೇನೆ.