ಗ್ರಹಣದಿಂದ ಮಗುವಿನ ಹೃದಯ ಬಲಕ್ಕೆ ಸರಿಯುತ್ತದೆಯೇ? ಪುಟ್ಟ ಹುಳು ಕೊಡುವ ಉತ್ತರ

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣವಿತ್ತು. ಹುಬ್ಬಳ್ಳಿಯ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಸಂಜೆಯೇ ಒಂದು ಫಾರ್ವರ್ಡ್ ಬಂತು: 'ಗ್ರಹಣದಲ್ಲಿ ಗರ್ಭಿಣಿ ನೀರು ಕುಡಿದರೂ ಸಾಕು, ಮಗುವಿನ ಅಂಗಗಳು ಅದಲುಬದಲಾಗುತ್ತವೆ.' ಏಳು ತಿಂಗಳ ಗರ್ಭಿಣಿ ಅತ್ತಿಗೆ ಬಾಯಾರಿಕೆಯಲ್ಲೇ ಮಲಗಿದರು.

ಹಾಗಾದರೆ ಯಾವ ಅಂಗ ಎಲ್ಲಿರಬೇಕೆಂದು ನಿರ್ಧರಿಸುವುದು ಯಾವುದು?

ಹುಳುವಿನಲ್ಲಿ ಕಂಡಿದ್ದು

ಸೀನೊರಾಬ್ಡೈಟಿಸ್ ಎಲಿಗಾನ್ಸ್ ಎಂಬ ದುಂಡುಹುಳು ಒಂದೇ ಮಿಲಿಮೀಟರ್ ಉದ್ದ. ಮೈ ಪಾರದರ್ಶಕವಾದ್ದರಿಂದ ಒಳಗೆ ಜೀವಕೋಶಗಳು ಓಡಾಡುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದರ ಮೇಲೆ ಸಂಶೋಧನೆ ನಡೆಯುತ್ತದೆ.

ಇದರ ಮೊಟ್ಟೆ ತಯಾರಿಸುವ ಅಂಗಕ್ಕೆ ಎರಡು ತೋಳುಗಳಿವೆ. ಪ್ರತಿ ತೋಳಿನ ತುದಿಯಲ್ಲಿರುವ ಒಂದು ಜೀವಕೋಶ ದಾರಿ ತೋರಿಸುತ್ತದೆ. ಅದು ಮೊದಲು ಹೊಟ್ಟೆಯ ಬದಿಯಲ್ಲಿ ಸಾಗಿ, ಬೆನ್ನಿನ ಕಡೆಗೆ ಏರಿ, ಬಂದ ದಿಕ್ಕಿಗೇ ಮರಳುತ್ತದೆ. ಹೊಟ್ಟೆಯ ಬದಿಯಲ್ಲಿ ನೆಟ್ರಿನ್ ಎಂಬ ಪ್ರೋಟೀನ್ ಹೆಚ್ಚಿರುತ್ತದೆ. ಸರಿಯಾದ ಹೊತ್ತಿಗೆ ಅಂಕ್-5 ಎಂಬ ಜೀನ್ ಚಾಲೂ ಆದಾಗ ಆ ಕೋಶ ನೆಟ್ರಿನ್‌ನಿಂದ ದೂರ ಸರಿದು ಮೇಲೇರುತ್ತದೆ. ಈ ಜೀನ್ ಕೆಟ್ಟಿದ್ದರೆ ತೋಳು ಎಷ್ಟೋ ಸಲ ಹೊಟ್ಟೆಯ ಬದಿಯಲ್ಲೇ ಉಳಿದುಬಿಡುತ್ತದೆ.

1991ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಯಂ ವುಡ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಆರೇ ಕೋಶಗಳಿದ್ದ ಹುಳುವಿನ ಭ್ರೂಣದಲ್ಲಿ ಸಣ್ಣ ಸೂಜಿಯಿಂದ ಕೋಶಗಳನ್ನು ತಳ್ಳಿ ಎಡ-ಬಲ ಬದಲಿಸಿದರು. ಹುಟ್ಟಿದ ಹುಳು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿತ್ತು. ಆದರೂ ಆರೋಗ್ಯವಾಗಿತ್ತು, ಮರಿಗಳನ್ನೂ ಹಾಕಿತು.

ಮನುಷ್ಯರಲ್ಲಿ?

ನಮ್ಮಲ್ಲಿ ವಿಧಾನ ಬೇರೆ. ಭ್ರೂಣದಲ್ಲಿ ಕೂದಲಿನಂಥ ಸಿಲಿಯಾಗಳು ತಿರುಗಿ ದ್ರವವನ್ನು ಎಡಕ್ಕೆ ಹರಿಸುತ್ತವೆ. ಅದರಿಂದ ಎಡಭಾಗದ ಜೀನ್‌ಗಳು ಚಾಲೂ ಆಗುತ್ತವೆ. ಇದು ನಡೆಯುವುದು ಮೂರು-ನಾಲ್ಕನೇ ವಾರದಲ್ಲಿ, ಎಷ್ಟೋ ತಾಯಂದಿರಿಗೆ ಗರ್ಭ ನಿಂತದ್ದು ಗೊತ್ತಾಗುವ ಹೊತ್ತಿಗೆ. ಏಳನೇ ತಿಂಗಳಲ್ಲಿ ಹೃದಯ ಪಕ್ಕ ಬದಲಿಸುವುದಿಲ್ಲ.

ಸುಮಾರು 10,000 ಜನರಲ್ಲಿ ಒಬ್ಬರಿಗೆ ಅಂಗಗಳು ತಿರುವುಮುರುವಾಗಿರುತ್ತವೆ. ಬಹುತೇಕರು ಆರೋಗ್ಯವಾಗಿಯೇ ಬದುಕುತ್ತಾರೆ. ಕೆಲವರಿಗೆ ಶ್ವಾಸಕೋಶದ ತೊಂದರೆ ಇರಬಹುದು. ಅಂಥವರು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಅವರಿಗೆ ಅಪೆಂಡಿಕ್ಸ್ ನೋವು ಎಡಕ್ಕೆ ಬರಬಹುದು.

ತೀರ್ಮಾನ: ಫಾರ್ವರ್ಡ್ ಸುಳ್ಳು. ಅಂಗಗಳ ಜಾಗಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಆದರೆ ಗರ್ಭಿಣಿ ಗಂಟೆಗಟ್ಟಲೆ ನೀರು ಕುಡಿಯದಿದ್ದರೆ ತಲೆಸುತ್ತು, ನಿರ್ಜಲೀಕರಣ ಆಗಬಹುದು. ಮಗುವಿಗೆ ಏನಾದರೂ ವ್ಯತ್ಯಾಸವಿದ್ದರೆ 'ಗ್ರಹಣದಲ್ಲಿ ನೀನೇನೋ ಮಾಡಿದೆ' ಎಂದು ತಾಯಿಯನ್ನು ದೂರುವುದೂ ತಪ್ಪು. ಮುಂದಿನ ಗ್ರಹಣಕ್ಕೆ ಆ ಸಂದೇಶ ಮತ್ತೆ ಬಂದರೆ, ಅದರ ಕೆಳಗೇ ಇದನ್ನು ಹಾಕಿ. ಗರ್ಭಿಣಿಗೆ ಒಂದು ಲೋಟ ನೀರನ್ನೂ ಕೊಡಿ.